ಶಿಯಾನ್‌ಗೆ ಹೋದ್ರೆ ಯಾಂಗ್‌ಲಿಂಗ್ ಬಿಡಬೇಡಿ

ಚೀನಾದ ಶಿಯಾನ್‌ಗೆ ಹೋದವರೆಲ್ಲ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಮಣ್ಣಿನ ಸೈನಿಕರನ್ನು ನೋಡಿ ವಾಪಸ್ ಬರುತ್ತಾರೆ. ಅದನ್ನು ನೋಡಲೇಬೇಕು, ನಿಜ. ಆದರೆ ಅಲ್ಲಿ ವಿಪರೀತ ನೂಕುನುಗ್ಗಲು. ಅರ್ಧ ದಿನ ಉಳಿಸಿಕೊಂಡು ಹಾನ್ ಯಾಂಗ್‌ಲಿಂಗ್ ಸಮಾಧಿಗೂ ಹೋಗಿ. ವಿಮಾನ ನಿಲ್ದಾಣದ ಹತ್ತಿರವೇ ಇದೆ. 1990ರಲ್ಲಿ ವಿಮಾನ ನಿಲ್ದಾಣಕ್ಕೆ ರಸ್ತೆ ಮಾಡುವಾಗಲೇ ಇಲ್ಲಿನ ಮಣ್ಣಿನ ಗೊಂಬೆ ಹೂತ ಗುಂಡಿಗಳು ಸಿಕ್ಕಿದ್ದು.

ಇದು ಹಾನ್ ವಂಶದ ಜಿಂಗ್ ಚಕ್ರವರ್ತಿಯ ಸಮಾಧಿ. ಕ್ರಿ.ಪೂ. 157ರಿಂದ 141ರವರೆಗೆ ಆಳಿದವನು. ಇವನ ಕಥೆ ಸ್ವಲ್ಪ ಓದಿಕೊಂಡು ಹೋಗಿ, ಇಲ್ಲದಿದ್ದರೆ ಬರೀ ಗೊಂಬೆ ಕಾಣುತ್ತವೆ. ಯುವರಾಜನಾಗಿದ್ದಾಗ ಆಟದಲ್ಲಿ ಜಗಳ ಬಂದು, ವು ಸಂಸ್ಥಾನದ ರಾಜನ ಮಗನನ್ನು ಆಟದ ಮಣೆಯಿಂದಲೇ ಹೊಡೆದು ಕೊಂದ. ಆ ಅಪ್ಪ ಮರೆಯಲಿಲ್ಲ. ಕ್ರಿ.ಪೂ. 154ರಲ್ಲಿ ಏಳು ಸಂಸ್ಥಾನಗಳು ದಂಗೆ ಎದ್ದಾಗ ಮುಂದೆ ನಿಂತವನು ಅವನೇ. ದಂಗೆ ಅಡಗಿಸಿದ್ದು ಸೇನಾಪತಿ ಝೌ ಯಾಫು.

ರೈತರ ತೆರಿಗೆಯನ್ನು ಬೆಳೆಯ ಮೂವತ್ತನೇ ಒಂದು ಪಾಲಿಗೆ ಇಳಿಸಿದ ದೊರೆ ಅಂತ ಇವನನ್ನು ಹೊಗಳುತ್ತಾರೆ. ಆದರೆ ಅದೇ ಝೌ ಯಾಫುವಿನ ಗತಿ ನೋಡಿ. ಅಪ್ಪನ ಸಮಾಧಿಯಲ್ಲಿ ಇಡೋಕೆ ಅಂತ ಮಗ 500 ಕವಚ, ಗುರಾಣಿ ಕೊಂಡ. ಅಪ್ಪನ ಮೇಲೆ ದಂಗೆಯ ಆರೋಪ ಬಂತು. ಭೂಮಿಯ ಮೇಲೆ ಅಲ್ಲದಿದ್ದರೆ ಕೆಳಗೆ ಹೋಗಿ ದಂಗೆ ಏಳ್ತೀಯ ಅಂದರಂತೆ ವಿಚಾರಣೆ ಮಾಡಿದವರು! ಮುದುಕ ಸೆರೆಯಲ್ಲಿ ಅನ್ನ ಬಿಟ್ಟು ಸತ್ತ. ದೊರೆ ಮಾತ್ರ ತನ್ನ ಸಮಾಧಿಗೆ ಮಣ್ಣಿನ ಸೈನ್ಯವನ್ನೇ ಹೂಳಿಸಿಕೊಂಡಿದ್ದಾನೆ.

ಆ ಸೈನ್ಯ ಈಗ ನಿಮ್ಮ ಕಾಲ ಕೆಳಗೆ. ನೆಲಮಾಳಿಗೆಯಲ್ಲಿ ಗಾಜಿನ ನೆಲದ ಮೇಲೆ ನಡೆಯಬೇಕು, ಚಪ್ಪಲಿಗೆ ಕವರ್ ಹಾಕಿಸುತ್ತಾರೆ. ಗೊಂಬೆಗಳು ಎರಡಡಿ ಎತ್ತರ ಇರಬಹುದು, ಅಷ್ಟೇ. ಬಟ್ಟೆ, ಮರದ ಕೈಗಳು ಕೊಳೆತುಹೋಗಿ ಮೈ ಬರಿದಾಗಿದೆ. ಮುಖದಲ್ಲಿ ಮಾತ್ರ ಸಣ್ಣ ನಗು. ಇನ್ನೊಂದು ಕಡೆ ನಾಯಿ, ಹಂದಿ, ಆಡುಗಳ ಸಾಲು. ಮಕ್ಕಳಿಗೆ ಇದೇ ಜಾಸ್ತಿ ಇಷ್ಟವಾಗುತ್ತೆ. ಇಲ್ಲಿನ ಗುಂಡಿಯೊಂದರಲ್ಲಿ 2,100 ವರ್ಷ ಹಳೆಯ ಚಹಾ ಎಲೆಯೂ ಸಿಕ್ಕಿದೆ.

ಒಳಗೆ ಬೆಳಕು ಕಡಿಮೆ. ಫೋಟೋಗೆ ಫೋನನ್ನು ಗಾಜಿಗೆ ಒತ್ತಿ ಹಿಡಿಯಿರಿ, ಪ್ರತಿಬಿಂಬ ಬರಲ್ಲ. ಟಿಕೆಟ್‌ಗೆ ಪಾಸ್‌ಪೋರ್ಟ್ ಜೊತೆಗಿರಲಿ. ಹಣ ಕೊಡುವ ಆಪ್ ಅಲಿಪೇಯನ್ನು ಊರಲ್ಲೇ ಹಾಕಿಕೊಂಡು ಕಾರ್ಡ್ ಜೋಡಿಸಿ. ಟ್ಯಾಕ್ಸಿಯವರಿಗೆ ತೋರಿಸೋಕೆ ವಿಳಾಸ ಚೀನೀ ಲಿಪಿಯಲ್ಲಿರಲಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೊರಡಿ.