ಸಿಂಕಿನಲ್ಲಿಟ್ಟ ದೀಪ

2019ರ ದೀಪಾವಳಿಗೆ ಅಮ್ಮ ನಮ್ಮ ಜೊತೆ ಕ್ಯಾಲಿಫೋರ್ನಿಯಾದಲ್ಲಿದ್ದರು. ನಮ್ಮ ಮನೆ ಒರಿಂಡಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಟ್ರೇನಿನಲ್ಲಿ ಅರ್ಧ ಗಂಟೆ, ಓಕ್‌ಲ್ಯಾಂಡ್ ಬೆಟ್ಟ ದಾಟಿದ ಕೂಡಲೇ ಸಿಗುವ ಊರು. ಉಡುಪಿ ಕಡೆಯ ಅಮ್ಮನಿಗೆ ಊರೇನೋ ಹಿಡಿಸಿತ್ತು. ಒಂದೇ ಸಂಶಯ. "ಸಮುದ್ರ ಹತ್ತಿರವೇ ಉಂಟು ಅಂತೀಯ. ಮತ್ತೆ ಮೈಗೆ ಒಂದು ಹನಿ ಬೆವರಿಲ್ಲ ಅಲ್ಲ ಮಾರಾಯ?"

ಇಲ್ಲಿಯ ಲೆಕ್ಕವೇ ಉಲ್ಟಾ. ಜೂನ್, ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ಮಂಜಿನಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುತ್ತಾರೆ. ಅಸಲಿ ಸೆಕೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 2017ರ ಸೆಪ್ಟೆಂಬರ್ 1ರಂದು ಆ ತಣ್ಣನೆ ಊರಿನಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್ ಆಗಿತ್ತು. ನಮ್ಮ ಲೆಕ್ಕದಲ್ಲಿ 41. ಎಷ್ಟೋ ಮನೆಗಳಲ್ಲಿ ಏಸಿ ಹೋಗಲಿ, ಸರಿಯಾದ ಫ್ಯಾನೂ ಇರಲಿಲ್ಲ. ಇನ್ನು ಮೇ ಮುಗಿದ ಮೇಲೆ ಮಳೆ ಅನ್ನುವಂಥ ಮಳೆ ಇಲ್ಲ. ಬೆಟ್ಟದ ಹುಲ್ಲೆಲ್ಲ ಒಣಗಿ ಹಳದಿಯಾಗುತ್ತದೆ. ಇಲ್ಲಿಯವರು ಅದಕ್ಕೆ ಬಂಗಾರದ ಬಣ್ಣ ಅನ್ನುತ್ತಾರೆ. ಊರಿನಲ್ಲಿ ಗುಡ್ಡೆಗೆ ಬೆಂಕಿ ಬೀಳುವುದನ್ನು ಕಂಡಿದ್ದ ಅಮ್ಮ ಮೊದಲ ದಿನವೇ ಹೇಳಿದ್ದರು, "ಒಂದು ಬೀಡಿ ತುಂಡು ಸಾಕು."

ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಅಕ್ಟೋಬರ್ 23ರ ರಾತ್ರಿ, ಉತ್ತರಕ್ಕೆ ಸೊನೋಮಾ ಕೌಂಟಿಯಲ್ಲಿ ಬೆಂಕಿ ಬಿತ್ತು. ಅದಕ್ಕೆ ಕಿನ್‌ಕೇಡ್ ಫೈರ್ ಅಂತ ಹೆಸರಾಯಿತು. ನಮಗೆ ದೂರವೇ. ಆದರೆ ಶನಿವಾರ ರಾತ್ರಿಯಿಂದ ಜೋರು ಗಾಳಿ ಬರುತ್ತದೆ ಅಂತ ಹವಾಮಾನ ಇಲಾಖೆ ರೆಡ್ ಫ್ಲ್ಯಾಗ್ ವಾರ್ನಿಂಗ್, ಅಂದರೆ ಬೆಂಕಿ ಹಬ್ಬುವ ಅಪಾಯದ ಎಚ್ಚರಿಕೆ, ಹಾಕಿತು. ಅದರ ಬೆನ್ನಿಗೇ ಕರೆಂಟ್ ಕಂಪನಿಯ ಮೆಸೇಜ್. ಸಂಜೆಯಿಂದ ಲೈನ್ ಬಂದ್, ಗಾಳಿ ನಿಂತ ಮೇಲೆ ತಂತಿಗಳನ್ನೆಲ್ಲ ನೋಡಿ ವಾಪಸ್ ಕೊಡುತ್ತೇವೆ. ತಂತಿ ಹರಿದು ಬಿದ್ದು ಒಣಹುಲ್ಲಿಗೆ ಕಿಡಿ ತಾಗಬಾರದಲ್ಲ, ಅದಕ್ಕೆ. 9 ಲಕ್ಷಕ್ಕೂ ಜಾಸ್ತಿ ಗ್ರಾಹಕರಿಗೆ ಒಂದೇ ಸಲ ಕತ್ತಲು. ಕಂಪ್ಯೂಟರಿನ ತವರೂರು ಅಂತ ಕೊಚ್ಚಿಕೊಳ್ಳುವ ಸೀಮೆಯಲ್ಲಿ ಗಾಳಿ ಬಂತೆಂದು ಕರೆಂಟ್ ತೆಗೆಯುತ್ತಾರೆ ಅಂದರೆ ಅಮ್ಮ ನಂಬಲೇ ಇಲ್ಲ. "ನಮ್ಮಲ್ಲಿ ಹಾಗೆ, ಇಲ್ಲಿಯೂ ಹಾಗೆಯಾ?"

ಶನಿವಾರ ನೀರು ತುಂಬುವ ಹಬ್ಬ. ಊರಿನಲ್ಲಾದರೆ ಬಚ್ಚಲಿನ ಹಂಡೆ ತಿಕ್ಕಿ ತೊಳೆದು, ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬುವುದು. ಇಲ್ಲಿಯೂ ಅಂದು ನೀರು ತುಂಬಲೇಬೇಕಿತ್ತು, ಬೇರೆ ಕಾರಣಕ್ಕೆ. ಗುಡ್ಡದ ಮೇಲಿನ ಮನೆಗಳಿಗೆ ನೀರು ಏರುವುದು ಪಂಪಿನಿಂದ. ಕರೆಂಟ್ ಇಲ್ಲದೆ ಪಂಪ್ ನಿಂತರೆ ನಲ್ಲಿಯೂ ನಿಂತೀತು ಅಂತ ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ಹೇಳಿದರು. 1991ರ ಅಕ್ಟೋಬರ್‌ನಲ್ಲಿ ಓಕ್‌ಲ್ಯಾಂಡ್ ಬೆಟ್ಟ ಉರಿದು 25 ಜನ ಸತ್ತಾಗ ಅವರು ಆ ಕಡೆಯೇ ಇದ್ದವರು. ಅಂಥವರು ಹೇಳಿದ ಮೇಲೆ ಸುಮ್ನೆ ಕೂರಲು ಆಗುತ್ತದಾ? ನಾನು ಬಾತ್‌ಟಬ್ ತುಂಬಿಸಿದೆ. ಅಮ್ಮ ಬಂದು ನೋಡಿದರು. ಹೋಗಿ ಕುಂಕುಮದ ಡಬ್ಬಿ ತಂದು, ಆ ಬಿಳಿ ಟಬ್ಬಿನ ಅಂಚಿಗೆ ಮೂರು ಬೊಟ್ಟಿಟ್ಟರು.

ಎಂಟು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು. ಗಾಳಿ ಶುರುವಾದದ್ದು ರಾತ್ರಿ ತುಂಬಾ ಹೊತ್ತಾದ ಮೇಲೆ.

ಕರಾವಳಿಯಲ್ಲಿ ಬೆಳೆದವರಿಗೆ ಗಾಳಿ ಅಂದರೆ ಕಡಲಿನಿಂದ ಬರುವುದು. ಉಪ್ಪು ಇರುತ್ತದೆ, ಪಸೆ ಇರುತ್ತದೆ, ಹಿಂದೆಯೇ ಮಳೆಯೂ ಇರಬಹುದು. ಇದು ಹಿತ್ತಿಲಿನಿಂದ ಬಂತು. ಒಳನಾಡಿನಿಂದ ಕಡಲಿನ ಕಡೆಗೆ. ನೆವಾಡಾ ಕಡೆಯ ಎತ್ತರದ ಒಣ ನೆಲದ ಮೇಲೆ ಗಾಳಿಯ ಒತ್ತಡ ಜಾಸ್ತಿಯಾಗಿ, ಇತ್ತ ಕಡಲ ಬದಿಯಲ್ಲಿ ಕಡಿಮೆಯಾದಾಗ ಗಾಳಿ ಬೆಟ್ಟ ಇಳಿದು ಬರುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದೆ ನೋಡಿ, ಹಾಗೆಯೇ ಇಳಿಯುವ ಗಾಳಿಯೂ ಒತ್ತಿ ಒತ್ತಿ ಬಿಸಿಯಾಗುತ್ತದೆ. ಒಂದು ಕಿಲೋಮೀಟರ್ ಇಳಿದರೆ ಹತ್ತಿರ ಹತ್ತಿರ 10 ಡಿಗ್ರಿ ಸೆಲ್ಸಿಯಸ್. ಇದ್ದಬದ್ದ ತೇವವನ್ನೂ ಹೀರಿಕೊಳ್ಳುತ್ತದೆ. ಇದಕ್ಕೆ ಇಲ್ಲಿ ಡಯಾಬ್ಲೊ ಗಾಳಿ ಅನ್ನುತ್ತಾರೆ, ನಮ್ಮ ಪೂರ್ವಕ್ಕಿರುವ ಡಯಾಬ್ಲೊ ಬೆಟ್ಟದ ಹೆಸರು. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಸೈತಾನ ಅಂತ ಅರ್ಥ. ಹಾಗಂತ ಅಮ್ಮನಿಗೆ ಹೇಳಿದ್ದು ನನ್ನದೇ ತಪ್ಪು. ರಾತ್ರಿಯಿಡೀ ಅವರು ನಿದ್ದೆ ಮಾಡಲಿಲ್ಲ.

ನಾನೂ ಮಾಡಲಿಲ್ಲ. ಹಿತ್ತಿಲಲ್ಲಿ ಒಂದು ನೀಲಗಿರಿ ಮರ ಉಂಟು. ಅದರ ತೊಗಟೆ ಪಟ್ಟಿ ಪಟ್ಟಿಯಾಗಿ ಸುಲಿದು ಜೋತಾಡುತ್ತದೆ. ಆ ಪಟ್ಟಿಗಳು ಗಾಳಿಗೆ ಮರಕ್ಕೇ ಚಟ್ ಚಟ್ ಅಂತ ಹೊಡೆಯುತ್ತಿದ್ದವು. ಕಣ್ಣು ಮುಚ್ಚಿದರೆ ಸೌದೆ ಉರಿಯುವ ಸದ್ದೇ. ನಾಲ್ಕು ಸಲ ಎದ್ದು ಕಿಟಕಿಯಲ್ಲಿ ನೋಡಿದೆ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ, ಟವರಿಗೂ ಕರೆಂಟ್ ಬೇಕಲ್ವಾ.

ಭಾನುವಾರ ನರಕ ಚತುರ್ದಶಿ. ಬೆಳಿಗ್ಗೆ ಗ್ಯಾಸಿಗೆ ಬೆಂಕಿಕಡ್ಡಿ ಗೀರಿ, ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಎಲ್ಲರಿಗೂ ಎಣ್ಣೆಸ್ನಾನ ಆಯಿತು. ತಲೆಗೆ ಹಾಕಿದ ಎಣ್ಣೆಯೂ ಆರಿಹೋದಂತಿತ್ತು. ಕಾರಿನ ರೇಡಿಯೋ ಹಾಕಿದಾಗ ಗೊತ್ತಾಯಿತು, ಸೊನೋಮಾದ ಬೆಟ್ಟದ ಮೇಲೆ ಗಾಳಿ ಗಂಟೆಗೆ 100 ಮೈಲಿ ಮೀರಿತ್ತಂತೆ. ಲಕ್ಷಕ್ಕೂ ಜಾಸ್ತಿ ಜನರಿಗೆ ಮನೆ ಬಿಡಲು ಹೇಳಿದ್ದರು. ವಲ್ಲೇಹೋ ಹತ್ತಿರ ಬೆಂಕಿ ಕಾರ್ಕಿನೆಜ್ ಕಡಲಗಂಡಿಯನ್ನೇ ಹಾರಿ ಈಚೆ ದಡದಲ್ಲಿ ಹೊತ್ತಿತ್ತು. ನೀರಿನ ಆಚೆಯ ಬೆಂಕಿ ಈಚೆ ಬರುವುದಿಲ್ಲ ಅಂತ ನಾನು ಅಷ್ಟು ದಿನ ನಂಬಿಕೊಂಡಿದ್ದೆ.

ಮಧ್ಯಾಹ್ನದ ಮೇಲೆ ಪಕ್ಕದ ಊರು ಲಾಫಯೆಟ್‌ನಲ್ಲೇ ಬೆಂಕಿ. ಹೊಗೆ ನಮಗೆ ಕಾಣುತ್ತಿತ್ತು. ಬ್ಯಾಗಿಗೆ ಪಾಸ್‌ಪೋರ್ಟ್, ಅಮ್ಮನ ಬಿಪಿ ಮಾತ್ರೆ, ಮಗಳ ಶಾಲೆಯ ಚಿತ್ರಗಳು ಹೋದವು. ಕಾರು ತೆಗೆಯಲು ಹೋದರೆ ಗ್ಯಾರೇಜ್ ಬಾಗಿಲು ಏಳುವುದಿಲ್ಲ. ಎಲ್ಲ ಮೋಟಾರಿನದ್ದು. 2017ರ ಸಾಂಟಾ ರೋಸಾ ಬೆಂಕಿಯಲ್ಲಿ ಹೀಗೆ ಸಿಕ್ಕಿಬಿದ್ದವರಿದ್ದರು. ಅದಾದ ಮೇಲೆ ಹೊಸ ಬಾಗಿಲುಗಳಿಗೆ ಬ್ಯಾಟರಿ ಇರಲೇಬೇಕು ಅಂತ ಕಾನೂನೂ ಬಂತು. ನಮ್ಮದು ಹಳೆಯದು. ಮೇಲಿನಿಂದ ಕೆಂಪು ಹಿಡಿಯ ಒಂದು ಹಗ್ಗ ನೇತಾಡುತ್ತಿರುತ್ತದೆ, ಎಳೆದರೆ ಮೋಟಾರಿನಿಂದ ಬಿಡುತ್ತದೆ. ಆರು ವರ್ಷ ಅದರ ಕೆಳಗೇ ಓಡಾಡಿದ್ದೇನೆ, ಯಾಕಿದೆ ಅಂತ ಒಂದು ದಿನ ಕೇಳಿಕೊಂಡಿರಲಿಲ್ಲ.

ಹೊರಡುವ ಆರ್ಡರ್ ನಮ್ಮ ಬೀದಿಗೆ ಬರಲಿಲ್ಲ. ಸಂಜೆಗೆ ಹೊಗೆ ತೆಳುವಾಯಿತು. ಆಗ ಅಮ್ಮ ಹಣತೆಗಳ ಪೊಟ್ಟಣ ಬಿಚ್ಚಿದರು. ಊರಿನಿಂದಲೇ ತಂದ ಮಣ್ಣಿನ ಹಣತೆ, ಇಪ್ಪತ್ತೊಂದು.

"ಹೊರಗೆ ಬೇಡ ಅಮ್ಮ."

"ನನಗೆ ಗೊತ್ತುಂಟು."

ಹೊಸಿಲಿನಲ್ಲಿ? ಬಾಗಿಲ ಸಂದಿಯಿಂದ ಗಾಳಿ ಬರುತ್ತಿತ್ತು. ದೇವರ ಮುಂದೆ? ಅಲ್ಲಿ ಪರದೆ, ಕೆಳಗೆ ಕಾರ್ಪೆಟ್. ಮನೆಯೇ ಮರದ್ದು. ಅಮ್ಮ ಕೈಯಲ್ಲಿ ಹಣತೆ ಹಿಡಿದು ಟಾರ್ಚ್ ಬೆಳಕಿನಲ್ಲಿ ಮನೆಯೆಲ್ಲ ಒಂದು ಸುತ್ತು ಬಂದರು, ಬಾಡಿಗೆ ಮನೆ ನೋಡಲು ಬಂದವರ ಹಾಗೆ. ಕೊನೆಗೆ ಅಡುಗೆಮನೆಯ ಸ್ಟೀಲ್ ಸಿಂಕ್ ಒರೆಸಿ, ಅದರ ತಳದಲ್ಲಿ ಒಂದೇ ಒಂದು ದೀಪ ಹಚ್ಚಿಟ್ಟರು. ನಾಲ್ಕೂ ಕಡೆ ಸ್ಟೀಲು, ಮೇಲೆ ನಲ್ಲಿ. ದೀಪ ಅಲುಗಲಿಲ್ಲ. ಸಿಂಕಿನ ಗೋಡೆಯಲ್ಲೆಲ್ಲ ಅದರ ನೆರಳು ಬಿದ್ದು ಏಳೆಂಟು ದೀಪದಂತೆ ಕಂಡಿತು. ನಾವು ನಾಲ್ಕು ಜನ ಬಗ್ಗಿ ಸಿಂಕಿನೊಳಗೆ ನೋಡುತ್ತಾ ನಿಂತೆವು. ಅದೇ ಪೂಜೆ. ಮಲಗುವ ಮುಂಚೆ ನಾನೇ ನಲ್ಲಿ ತಿರುಗಿಸಿ ಆರಿಸಿದೆ. ಹಬ್ಬದ ದೀಪ ಆರಿಸಬಾರದು ಅಂತ ಯಾವಾಗಲೂ ಹೇಳುವ ಅಮ್ಮ ಅಂದು ಬಾಯಿ ಬಿಡಲಿಲ್ಲ.

ಸೋಮವಾರ ರಾತ್ರಿ ಕರೆಂಟ್ ಬಂತು. ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಎಸೆದದ್ದು ಬಿಟ್ಟರೆ ನಮಗೆ ನಷ್ಟ ಇಲ್ಲ. ಟಬ್ಬಿನ ಪ್ಲಗ್ ತೆಗೆಯಲು ಹೋದೆ, ಅಮ್ಮ ಬಿಡಲಿಲ್ಲ. ಹಬ್ಬಕ್ಕೆ ತುಂಬಿದ ನೀರಂತೆ. ಐದು ದಿನ ಚೆಂಬು ಚೆಂಬಾಗಿ ಹೊತ್ತು ಬೇವಿನಸೊಪ್ಪಿನ ಗಿಡಕ್ಕೆ ಹಾಕಿದರು. ಆ ವರ್ಷ ಮೊದಲ ಮಳೆ ಬಂದದ್ದು ನವೆಂಬರ್ ಕೊನೆಯ ವಾರದಲ್ಲಿ.