ಒಂದು ಆರೆ ಅಂದ್ರೆ ನಮ್ಮ ಒಂದು ಗುಂಟೆ

ಇಂಡೋನೇಷ್ಯಾದ ಬಾಲಿಯ ಗದ್ದೆ ಫೋಟೊ ಒಂದನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇ ತಪ್ಪಾಯ್ತು. ಅವತ್ತಿನಿಂದ ಭಾವ ತಿಂಗಳಿಗೊಮ್ಮೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಾರೆ. "ಅಲ್ಲಿ ಎಕರೆಗೆ ಎಷ್ಟೇ?" ಸಿರ್ಸಿ ಕಡೆಯವರಿಗೆ ನೀರು ನಿಂತ ಗದ್ದೆ, ಹಿಂದೆ ಬೆಟ್ಟ, ಬದುವಿನ ಮೇಲೆ ನಾಲ್ಕು ತೆಂಗಿನಮರ ಕಂಡರೆ ಬೇರೆ ಏನು ಹೊಳೆಯುತ್ತೆ ಹೇಳಿ. ಈಗ ಭಾವನ ಗೆಳೆಯರೂ ಕೇಳೋಕೆ ಶುರು ಮಾಡಿದ್ದಾರೆ. ಅದಕ್ಕೇ ಒಂದೇ ಸಲ ಬರೆದು ಹಾಕ್ತಿದ್ದೀನಿ.

ನಾವಿರುವುದು ತಬನಾನ್ ಜಿಲ್ಲೆಯಲ್ಲಿ, ಬಾತುಕಾರು ಬೆಟ್ಟದ ಬುಡದ ಒಂದು ಸಣ್ಣ ಹಳ್ಳಿಯಲ್ಲಿ. ಸಮುದ್ರ, ಬೀಚು, ಪಾರ್ಟಿ ಯಾವುದೂ ಇಲ್ಲಿಲ್ಲ. ನಮ್ಮ ಯಜಮಾನರ ಕೆಲಸ ಬಾಲಿಯ ರಾಜಧಾನಿ ದೆನ್‌ಪಸಾರ್‌ನಲ್ಲಿ, ವಾರಕ್ಕೆ ಮೂರು ದಿನ ಸ್ಕೂಟರಿನಲ್ಲಿ ಹೋಗಿ ಬರ್ತಾರೆ. ಒಂದು ಗಂಟೆ ದಾರಿ, ಮಳೆ ಬಂದರೆ ಇನ್ನೂ ಜಾಸ್ತಿ. ಮನೆ ಬಾಡಿಗೆಯನ್ನು ವರ್ಷದ್ದು ಒಟ್ಟಿಗೇ ಮೊದಲೇ ಕೊಡಬೇಕು. ನಮ್ಮದು 30 ಜೂತಾ. ಜೂತಾ ಅಂದರೆ ಹತ್ತು ಲಕ್ಷ. ಅಂದರೆ ಮೂರು ಕೋಟಿ ರೂಪಿಯಾ! ನಮ್ಮ ಒಂದು ರೂಪಾಯಿಗೆ ಅವರದ್ದು ನೂರಾ ಎಂಬತ್ತು, ನೂರಾ ತೊಂಬತ್ತು ಬರುತ್ತೆ ಅನ್ನೋದು ಗೊತ್ತಿದ್ದರೂ ಮೊದಲ ಸಲ ಎಣಿಸಿ ಕೊಡುವಾಗ ಕೈ ನಡುಗಿತ್ತು. ಲೆಕ್ಕ ಹಾಕಿದರೆ ಒಂದೂವರೆ ಲಕ್ಷದ ಮೇಲೆ ಸ್ವಲ್ಪ, ಅಷ್ಟೇ.

ಬಾಡಿಗೆಗೆ ಇಲ್ಲಿ 'ಸೇವಾ' ಅಂತಾರೆ. ಮಾಲೀಕತ್ವಕ್ಕೆ 'ಹಾಕ್ ಮಿಲಿಕ್'. ಹಕ್ಕು, ಮಾಲೀಕ ಎರಡೂ ಅರಬ್ಬಿಯಿಂದ ನಮಗೂ ಬಂದಿವೆ, ಇವರಿಗೂ ಬಂದಿವೆ. ಇನ್ನು ಭಾವನ ಪ್ರಶ್ನೆಗೆ ಉತ್ತರ ಒಂದೇ ಸಾಲಿನದ್ದು: ವಿದೇಶಿಯರಿಗೆ ಹಾಕ್ ಮಿಲಿಕ್ ಇಲ್ಲ, ನಮ್ಮಂಥವರಿಗೆ ಸೇವಾ ಮಾತ್ರ. 1960ರ ಭೂ ಕಾನೂನಿನಿಂದ ಇದು ಹೀಗೇ ಇದೆ. 'ಹಾಕ್ ಪಾಕೈ' ಅಂತ ಇನ್ನೊಂದಿದೆ. ಅದು ಬಳಸುವ ಹಕ್ಕು. ಮೊದಲು 30 ವರ್ಷ, ಆಮೇಲೆ 20, ಮತ್ತೆ 30, ಒಟ್ಟು 80 ವರ್ಷ. ಆದರೆ ಅದಕ್ಕೆ ಸರ್ಕಾರ ಕನಿಷ್ಠ ಬೆಲೆ ಗೊತ್ತು ಮಾಡಿದೆ, ದುಬಾರಿ ಮನೆಗಳಿಗೆ ಮಾತ್ರ ಆಗುತ್ತೆ. ನಮ್ಮಂಥವರಿಗೆ ಅಲ್ಲ.

"ಇದೇನು ಅನ್ಯಾಯ" ಅಂದರು ಭಾವ. ಅನ್ಯಾಯ ಏನು ಬಂತು? ನಮ್ಮ ದೇಶದಲ್ಲಿ ವಿದೇಶಿಯರು ಕೃಷಿ ಜಮೀನು ಕೊಳ್ಳೋಕಾಗುತ್ತಾ? ಅಮೆರಿಕದಲ್ಲಿರುವ ಎನ್‌ಆರ್‌ಐ ಅಣ್ಣನೇ ಕೊಳ್ಳುವ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಸರಿ. ಕರ್ನಾಟಕದಲ್ಲಂತೂ 2020ರವರೆಗೆ ರೈತರಲ್ಲದವರು ಗದ್ದೆ ಕೊಳ್ಳೋದೇ ಕಷ್ಟವಿತ್ತು.

ಅಳತೆ ಮಾತ್ರ ನನಗೆ ಸಲೀಸಾಯ್ತು. ಇಲ್ಲಿ ಜಾಗವನ್ನು 'ಆರೆ' ಲೆಕ್ಕದಲ್ಲಿ ಹೇಳ್ತಾರೆ. ಒಂದು ಆರೆ ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 101 ಚದರ ಮೀಟರ್ ಚಿಲ್ಲರೆ. ಮನೆ ಮಾಲೀಕರು "ನನ್ನದು ನಲವತ್ತು ಆರೆ" ಅಂದಾಗ ನಾನು ಥಟ್ಟನೆ "ಓ, ಒಂದು ಎಕರೆ" ಅಂದೆ. ಅವರಿಗೆ ಎಕರೆ ಗೊತ್ತಿಲ್ಲ, ಆದರೆ ನಾನು ಲೆಕ್ಕ ಹಾಕಿದ ವೇಗ ನೋಡಿ ನಕ್ಕರು. ಅವರನ್ನು ನಾವು 'ಪಾಕ್' ಅಂತೀವಿ, ಹಿರಿಯ ಗಂಡಸರಿಗೆಲ್ಲ ಹಾಗೇ. ನನ್ನನ್ನು ಅವರು 'ಬು' ಅಂತಾರೆ, ಅಮ್ಮ ಅಂದ ಹಾಗೆ.

ಕಳೆದ ವರ್ಷ ಒಬ್ಬ ಏಜೆಂಟ್ ಬಂದಿದ್ದ. ಪಕ್ಕದ ಗದ್ದೆ ಬಯಲಿನಲ್ಲಿ 6 ಆರೆ ಇದೆ, 25 ವರ್ಷಕ್ಕೆ ಲೀಸ್, ಮನೆ ಕಟ್ಟಿಕೊಳ್ಳಿ ಅಂದ. ಇಲ್ಲಿ ಲೀಸ್ ದುಡ್ಡನ್ನೂ ಪೂರ್ತಿ ಮೊದಲೇ ಸುರಿಯಬೇಕು. ಜಾಗ ನೋಡಿ ನನಗಂತೂ ಆಸೆ ಆಯ್ತು, ಸುಳ್ಳು ಯಾಕೆ ಹೇಳಲಿ. ಕಾಗದ ತೋರಿಸಿ ಅಂದೆವು. ಅವನು ತೆಗೆದದ್ದು ಭೂ ತೆರಿಗೆ ಚೀಟಿ. ನಮ್ಮ ಕಂದಾಯ ರಸೀದಿ ಇದ್ದ ಹಾಗೆ. ಕಂದಾಯ ಕಟ್ಟಿದವರೆಲ್ಲ ಮಾಲೀಕರಾ? ಭೂ ಇಲಾಖೆಯ ಸರ್ಟಿಫಿಕೇಟ್ ಎಲ್ಲಿ ಅಂದರೆ "ಆಗ್ತಾ ಇದೆ, ಆಗ್ತಾ ಇದೆ." ಬೇಕಿದ್ದರೆ ಊರಿನವರೊಬ್ಬರ ಹೆಸರಿನಲ್ಲಿ ಪೂರ್ತಿ ಕೊಂಡೇ ಬಿಡಬಹುದು, ಒಳಗೊಳಗೇ ಒಂದು ಅಗ್ರಿಮೆಂಟ್ ಅಂತಲೂ ಹೇಳಿದ. ಶುದ್ಧ ಬೇನಾಮಿ. ಅಂಥ ಕರಾರು ಕಾನೂನಿನ ಮುಂದೆ ನಿಲ್ಲಲ್ಲ. ಹೆಸರು ಕೊಟ್ಟವರು ತೀರಿಕೊಂಡರೆ ಅವರ ಮಕ್ಕಳು ಬಂದು "ನೀವು ಯಾರು?" ಅಂದರೆ ಮುಗೀತು.

ಸಂಜೆ ಪಾಕ್‌ಗೆ ಹೇಳಿದೆ. ಅವರು ಕಾಗದದ ಬಗ್ಗೆ ಕೇಳಲೇ ಇಲ್ಲ. "ನೀರನ್ನು ಯಾವ ಕಡೆ ಬಿಡ್ತೀರಿ ಬು?" ಅಂದರು.

ಮರುದಿನ ಬೆಳಿಗ್ಗೆ ಕರೆದುಕೊಂಡು ಹೋಗಿ ತೋರಿಸಿದರು. ಆ 6 ಆರೆಯ ಮೇಲಂಚಿನಲ್ಲಿ ಒಂದು ಕಾಲುವೆ, ಮೊಣಕೈ ಉದ್ದದ ಅಗಲ. ಅದರಲ್ಲಿ ಒಂದು ತೆಂಗಿನ ದಿಮ್ಮಿ ಅಡ್ಡ ಇಟ್ಟಿದ್ದಾರೆ. ದಿಮ್ಮಿಯಲ್ಲಿ ಎರಡು ಕಚ್ಚು, ಒಂದು ಅಗಲ, ಒಂದು ಸಣ್ಣದು. ಕಚ್ಚಿನ ಅಗಲದ ಮೇಲೆ ಯಾರ ಗದ್ದೆಗೆ ಎಷ್ಟು ನೀರು ಅನ್ನೋದು ನಿರ್ಧಾರ. ಗೇಟಿಲ್ಲ, ಬೀಗ ಇಲ್ಲ, ಕಾವಲಿನವನಿಲ್ಲ. ಸಣ್ಣ ಕಚ್ಚಿನ ನೀರು ನಾವು ಮನೆ ಕಟ್ಟಬೇಕೆಂದಿದ್ದ ಜಾಗದ ನಡುವೆಯೇ ಹಾದು ಕೆಳಗಿನ ಗದ್ದೆಗಳಿಗೆ ಹೋಗುತ್ತೆ. ಅಲ್ಲಿ ಅಡಿಪಾಯ ಹಾಕಿದರೆ ಕೆಳಗಿನವರು ಏನು ಮಾಡಬೇಕು? ಮೇಲಿನ ಗದ್ದೆಯವರು ನೀರು ಕಟ್ಟಿದ್ದಕ್ಕೆ ಗುದ್ದಲಿ ಎತ್ತಿದ ಜಗಳಗಳನ್ನು ನೋಡಿ ಬೆಳೆದವಳು ನಾನು. ಜಾಸ್ತಿ ವಿವರಿಸುವ ಅಗತ್ಯ ಬೀಳಲಿಲ್ಲ.

ಹೀಗೆ ನೀರು ಹಂಚಿಕೊಳ್ಳುವ ರೈತರ ಸಂಘಕ್ಕೆ 'ಸುಬಾಕ್' ಅಂತಾರೆ. ಅದರ ಮುಖ್ಯಸ್ಥ 'ಪೆಕಾಸೆಹ್'. ಒಂದು ಬಯಲಿನವರೆಲ್ಲ ಒಟ್ಟಿಗೆ ನಾಟಿ ಮಾಡ್ತಾರೆ, ಒಟ್ಟಿಗೆ ಗದ್ದೆ ಖಾಲಿ ಬಿಡ್ತಾರೆ. ಖಾಲಿ ಬಿಟ್ಟಾಗ ಇಲಿಗೂ ಹುಳಕ್ಕೂ ತಿನ್ನೋಕೆ ಏನೂ ಸಿಗಲ್ಲ. ನೀರಿನ ಮೂಲದಲ್ಲಿ ದೇವಸ್ಥಾನ, ಗದ್ದೆ ಮೂಲೆಯಲ್ಲಿ ಭತ್ತದ ದೇವತೆ ದೇವಿ ಶ್ರೀಗೆ ಪುಟ್ಟ ಗುಡಿ. 2012ರಲ್ಲಿ ಯುನೆಸ್ಕೊ ಈ ಸುಬಾಕ್ ಪದ್ಧತಿಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಹತ್ತಿರದ ಜತಿಲುವಿಹ್ ಗದ್ದೆಗಳೂ ಅದರಲ್ಲಿವೆ. ಅಲ್ಲಿಗೆ ಬಸ್ಸುಗಟ್ಟಲೆ ಜನ ಬರ್ತಾರೆ. ಫೋಟೊ ತೆಗೆದವರಲ್ಲಿ ಅರ್ಧ ಜನರಿಗೆ ಭಾವನ ಪ್ರಶ್ನೆಯೇ ಹುಟ್ಟುತ್ತೆ ಅನ್ನೋದು ನನ್ನ ಗುಮಾನಿ.

ಪಾಕ್ ತಮ್ಮದನ್ನು ಮಾರ್ತಾರಾ ಅಂತಲೂ ಭಾವ ಕೇಳಿದ್ದರು. ಆ ನಲವತ್ತು ಆರೆ ಅವರಪ್ಪನದು. ಅಣ್ಣತಮ್ಮಂದಿರು ನಾಲ್ವರು, ಎಲ್ಲರ ಸಹಿ ಬೇಕು. ಒಬ್ಬರು ಸರ್ಕಾರ ಜಾಗ ಕೊಟ್ಟು ಕಳಿಸುತ್ತಿದ್ದ ಕಾಲದಲ್ಲಿ ಸುಲಾವೆಸಿ ದ್ವೀಪಕ್ಕೆ ಹೋಗಿ ಅಲ್ಲೇ ನೆಲೆ ನಿಂತಿದ್ದಾರೆ. ಪಾಲುಪಟ್ಟಿ ಆಗಿಲ್ಲ. ಕೇಳಿದ ಹಾಗಿದೆಯಲ್ವಾ ಕಥೆ? ಇನ್ನು ಅವರ ಮನೆ ನಿಂತಿರುವ ಜಾಗ ಅವರದ್ದೇ ಅಲ್ಲ, ಊರಿನದು. ತಲೆಮಾರುಗಟ್ಟಲೆ ಇರಬಹುದು, ಮಾರುವಂತಿಲ್ಲ. ಬದಲಿಗೆ ದೇವಸ್ಥಾನದ ಕೆಲಸ, ಸಾವು, ಮದುವೆ ಎಲ್ಲಕ್ಕೂ ಹೋಗಿ ದುಡಿಯಬೇಕು. ಅದಕ್ಕೆ 'ಙಯಹ್' ಅಂತಾರೆ. ಕೇರಿಯ ಕುಲ್‌ಕುಲ್, ಅಂದರೆ ಟೊಳ್ಳು ಮರದ ಗಂಟೆ, ಬಡಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಬಡಿತದಲ್ಲೇ ಗೊತ್ತಾಗುತ್ತೆ, ಸಭೆಯಾ, ಸಾವಾ, ಬೆಂಕಿಯಾ ಅಂತ.

ನಾವು ಊರಿನ ಪುಸ್ತಕದಲ್ಲಿ 'ತಮಿಯು'. ಅತಿಥಿಗಳು ಅಂತ. ತಿಂಗಳಿಗೆ ಸ್ವಲ್ಪ ವಂತಿಗೆ ಕೊಡ್ತೀವಿ. ಕರೆದಾಗ ನಾನು ಹೋಗಿ ಹೆಂಗಸರ ಜೊತೆ ಚನಾಂಗ್ ಕಟ್ತೀನಿ. ದೇವರಿಗಿಡುವ ತೆಂಗಿನ ಗರಿಯ ಪುಟ್ಟ ಬುಟ್ಟಿ, ಮೇಲೆ ಹೂವು. ಹೂವಿನ ಕೆಳಗೆ ಏನಿರುತ್ತೆ ಗೊತ್ತಾ? ವೀಳ್ಯದೆಲೆ, ಅಡಿಕೆ, ಸುಣ್ಣ. ಮೊದಲ ದಿನ ನಾನು ಅಡಿಕೆ ಹೋಳು ಮಾಡಿದ್ದು ನೋಡಿ ಪಕ್ಕದ ಅಜ್ಜಿ ಕತ್ತಿಯನ್ನೇ ನನ್ನ ಕೈಗೆ ಕೊಟ್ಟುಬಿಟ್ಟರು. ಈಗ ಅದು ನನ್ನ ಖಾಯಂ ಕೆಲಸ.

ಬೇಸರ ಇಲ್ವಾ ಅಂದರೆ, ಇದೆ. ಕರೆಂಟಿಗೆ ಪ್ರೀಪೇಯ್ಡ್ ಮೀಟರು, ದುಡ್ಡು ಮುಗಿಯುತ್ತಾ ಬಂದರೆ ನಡುರಾತ್ರಿ ಕೀಂ ಕೀಂ ಅಂತ ಕೂಗುತ್ತೆ. ಎದ್ದು ಟಾರ್ಚ್ ಹಿಡಿದು 20 ಅಂಕಿ ಒತ್ತಬೇಕು, ಒಂದು ತಪ್ಪಿದರೆ ಮೊದಲಿನಿಂದ. ದೊಡ್ಡ ಆಸ್ಪತ್ರೆಗೆ ಪೇಟೆಗೇ ಹೋಗಬೇಕು. ಮಾತಾಡೋಕೆ ಒಬ್ಬ ಕನ್ನಡದವರಿಲ್ಲ. 2025ರಲ್ಲಿ ಇಲ್ಲಿನ ಶಕ ಹೊಸ ವರ್ಷ ನ್ಯೆಪಿ ಮಾರ್ಚ್ 29ಕ್ಕೆ ಬಂತು, ಮರುದಿನವೇ ನಮ್ಮ ಯುಗಾದಿ. ಅವರಿಗೂ ಶಕ 1947, ನಮಗೂ ಶಕ 1947. ನ್ಯೆಪಿ ದಿನ ದೀಪ ಹಚ್ಚುವಂತಿಲ್ಲ, ಹೊರಗೆ ಕಾಲಿಡುವಂತಿಲ್ಲ, ವಿಮಾನ ನಿಲ್ದಾಣವೂ ಬಂದ್. ಬೇವಿನ ಸೊಪ್ಪನ್ನು ಎರಡು ದಿನ ಮೊದಲೇ ಕಿತ್ತಿಟ್ಟುಕೊಂಡಿದ್ದೆ. ಕತ್ತಲಲ್ಲಿ ಕೂತು ಅಮ್ಮನ ಒಬ್ಬಟ್ಟು ನೆನೆದು ಅತ್ತಿದ್ದೂ ಹೌದು.

ಏಜೆಂಟ್‌ಗೆ ಬೇಡ ಅಂದೆವು. ಹೋದ ತಿಂಗಳು ಇದೇ ಮನೆಗೆ ಇನ್ನೆರಡು ವರ್ಷದ ಸೇವಾ ಬರೆಸಿದೆವು. ಒಂದೇ ಪುಟದ ಕಾಗದ, 10,000 ರೂಪಿಯಾದ ಸ್ಟ್ಯಾಂಪ್, ಅದರ ಮೇಲೆ ಸಹಿ. ಪಾಕ್ ಕೊನೆಗೆ ಒಂದು ಸಾಲು ಸೇರಿಸಿದರು: ಅಂಗಳದ ಹಲಸಿನ ಮರವೂ ಅದರ ಕಾಯಿಯೂ ಮಾಲೀಕರದ್ದೇ. ಸಹಿ ಆದ ಮೇಲೆ ಕನ್ನಡಕ ತೆಗೆದು, "ಪಲ್ಯಕ್ಕೆ ಹಪ್ಪಳಕ್ಕೆ ಎಷ್ಟು ಬೇಕೋ ಕಿತ್ಕೊಳ್ಳಿ ಬು" ಅಂದರು. ಅದನ್ನು ಕಾಗದದಲ್ಲಿ ಬರೆಸಿಲ್ಲ.