ಮ್ಯಾಜಿಕ್ ಶಾಲೆಯ ಅನಿಮೆಗಳಲ್ಲಿ ಯಾಕಿಷ್ಟು ಮೇಲು-ಕೀಳು?

ನಾನು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳನ್ನು ನೋಡುತ್ತೇನೆ ಅಂತ ಗೊತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಂತ್ರ ಹಾಕಿದರೆ ಏನು ಬೇಕಾದರೂ ಆಗುವ ಲೋಕದಲ್ಲಿ, ಶಾಲೆಯೊಳಗೆ ಮಾತ್ರ ಯಾಕೆ ಯಾವಾಗಲೂ ಮೇಲಿನವರು, ಕೆಳಗಿನವರು ಅಂತ ಇರುತ್ತಾರೆ? ಕಥೆ ಅಂದಮೇಲೆ ಜಗಳ ಬೇಕಲ್ವಾ ಅಂತ ಹೇಳಿ ಸುಮ್ಮನಾಗಬಹುದು. ನನಗೆ ಆ ಉತ್ತರ ಸಾಲದು. ಮೇಲೆ ಯಾರು ಅನ್ನೋದನ್ನು ಯಾವ ಅಳತೆಯಿಂದ ತೀರ್ಮಾನಿಸುತ್ತಾರೆ ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಜಪಾನಿನ ವಿಷಯ ಸ್ವಲ್ಪ. ಅಲ್ಲಿ ಕಡ್ಡಾಯ ಶಿಕ್ಷಣ 9 ವರ್ಷ. ಆಮೇಲೆ ಹೈಸ್ಕೂಲಿಗೆ ಸೇರಲು ಸಾಮಾನ್ಯವಾಗಿ ಪ್ರವೇಶ ಪರೀಕ್ಷೆ ಬರೆಯಬೇಕು. ಸರಾಸರಿ 50 ಬರುವಂತೆ ಅಂಕಗಳನ್ನು ಹೊಂದಿಸುವ ಹೆನ್ಸಾಚಿ ಅನ್ನುವ ಲೆಕ್ಕವೊಂದಿದೆ. ಮಕ್ಕಳನ್ನಷ್ಟೇ ಅಲ್ಲ, ಶಾಲೆಗಳನ್ನೂ ಅದರಿಂದಲೇ ಮೇಲೆ ಕೆಳಗೆ ಜೋಡಿಸುತ್ತಾರೆ. ಇದನ್ನು ದಾಟಿ ಬಂದ ಹುಡುಗ ಹುಡುಗಿಯರೇ ಈ ಕಥೆಗಳ ಮೊದಲ ನೋಡುಗರು.

2014ರಲ್ಲಿ ಬಂದ 'ದಿ ಇರ್ರೆಗ್ಯುಲರ್ ಅಟ್ ಮ್ಯಾಜಿಕ್ ಹೈಸ್ಕೂಲ್' ನೋಡಿ. ಕಥೆ ನಡೆಯುವುದು 2095ರಲ್ಲಿ. ಶಾಲೆಗೆ ವರ್ಷಕ್ಕೆ 200 ಮಂದಿ ಸೇರುತ್ತಾರೆ, 100 ಮಂದಿ ಮೊದಲ ಕೋರ್ಸಿಗೆ, 100 ಮಂದಿ ಎರಡನೆಯದಕ್ಕೆ. ಮೊದಲನೆಯವರ ಯೂನಿಫಾರ್ಮ್ ಮೇಲೆ ಎಂಟು ಎಸಳಿನ ಹೂವಿನ ಲಾಂಛನ, ಎರಡನೆಯವರಿಗೆ ಅದಿಲ್ಲ. ಹಾಗಾಗಿ ಒಬ್ಬರು ಬ್ಲೂಮ್, ಅಂದರೆ ಹೂವು. ಇನ್ನೊಬ್ಬರು ವೀಡ್, ಅಂದರೆ ಕಳೆ. ಮಂತ್ರ ಕಲಿಸಬಲ್ಲ ಶಿಕ್ಷಕರೇ ಕಡಿಮೆ, ಅದಕ್ಕೇ ಎರಡನೇ ಕೋರ್ಸಿನವರಿಗೆ ಹತ್ತಿರ ಕೂತು ಹೇಳಿಕೊಡುವವರಿಲ್ಲ. ಅಂದರೆ ಪ್ರವೇಶದ ದಿನ ಹಿಂದಿದ್ದವರು ಮೂರು ವರ್ಷವೂ ಹಿಂದೆಯೇ ಉಳಿಯುವ ಹಾಗೆ ಏರ್ಪಾಡು ಇದೆ. ನನ್ನನ್ನು ಜಾಸ್ತಿ ತಟ್ಟಿದ್ದು ಪ್ರವೇಶ ಸಮಾರಂಭ. ಯಾರೂ ಹೇಳದಿದ್ದರೂ ಲಾಂಛನ ಇದ್ದವರು ಮುಂದೆ ಕೂರುತ್ತಾರೆ, ಇಲ್ಲದವರು ತಾವಾಗಿಯೇ ಹಿಂದಕ್ಕೆ ಹೋಗುತ್ತಾರೆ.

ನಾಯಕ ತತ್ಸುಯಾ ಬರಹದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ. ಆದರೆ ಶಾಲೆಗೆ ಬೇಕಾದದ್ದು ಮಂತ್ರದ ವೇಗ, ಗಾತ್ರ, ಬಲ. ಅದರಲ್ಲಿ ಅವನು ಹಿಂದೆ, ಹಾಗಾಗಿ ಅವನೂ ಕಳೆ. ಅಳತೆಗೋಲೇ ಸರಿಯಿಲ್ಲ ಅಂತ ಇಷ್ಟು ಸ್ಪಷ್ಟವಾಗಿ ತೋರಿಸಿದ ಸರಣಿ ಆಮೇಲೆ ಆ ಮಾತನ್ನೇ ಕೈಬಿಡುತ್ತದೆ. ಅವನು ದೇಶಗಳನ್ನೇ ನಡುಗಿಸಬಲ್ಲ ಮಂತ್ರಗಾರ, ಗುಟ್ಟಾಗಿ ಇದ್ದಾನಷ್ಟೆ ಅಂತ ತಿಳಿಯುತ್ತದೆ. ಸರಿ, ಅವನನ್ನು ತಪ್ಪಾಗಿ ಅಳೆದರು. ನಿಜವಾಗಿಯೂ ಸಾಧಾರಣ ಮಂತ್ರಶಕ್ತಿ ಇರುವ, ಅವನ ಪಕ್ಕದ ಬೆಂಚಿನ ಮಕ್ಕಳ ಗತಿ ಏನು? 2023ರ 'ಮ್ಯಾಶ್ಲ್' ಕೂಡ ಇದೇ ಹಾದಿ. ಅಲ್ಲಿ ಮುಖದ ಮೇಲಿನ ಗೆರೆ ನೋಡಿ ಬೆಲೆ ಕಟ್ಟುತ್ತಾರೆ, ಗೆರೆಯೇ ಇಲ್ಲದ ಹುಡುಗ ತೋಳ್ಬಲದಿಂದ ಎಲ್ಲರನ್ನೂ ಹೊಡೆದುರುಳಿಸುತ್ತಾನೆ. ನೋಡಲು ಖುಷಿ, ಆದರೆ ಅವನಷ್ಟು ಬಲ ಯಾರಿಗಿದೆ?

ಅದಕ್ಕೇ ನನಗೆ ಟ್ರಿಗರ್ ಸ್ಟುಡಿಯೋದ 'ಲಿಟಲ್ ವಿಚ್ ಅಕಾಡೆಮಿಯಾ' ಇಷ್ಟ. 2017ರ ಟಿವಿ ಸರಣಿಯ ಮಾತು ಇದು. ಅಕ್ಕೊ ಮಂತ್ರಗಾರರ ಮನೆತನದವಳಲ್ಲ, ಪೊರಕೆ ಮೇಲೆ ಹಾರಲೂ ಬರುವುದಿಲ್ಲ. ತತ್ಸುಯಾನ ಹಾಗೆ ಗುಟ್ಟಾದ ಶಕ್ತಿಯೂ ಅವಳೊಳಗಿಲ್ಲ, ಮತ್ತೆ ಮತ್ತೆ ಸೋಲುತ್ತಾಳೆ. ಎದುರಿಗೆ ಹಳೆಯ ಕ್ಯಾವೆಂಡಿಶ್ ಮನೆತನದ ಡಯಾನಾ, ಎಲ್ಲದರಲ್ಲೂ ಮೊದಲು.

ಕೊನೆಯ ಭಾಗದ ಗುಟ್ಟು ಹೇಳದೆ ನನ್ನ ಉತ್ತರ ಪೂರ್ತಿ ಆಗುವುದಿಲ್ಲ, ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ. ಚಿಕ್ಕಂದಿನಲ್ಲಿ ಇಬ್ಬರೂ ಹೆಸರಾಂತ ಮಂತ್ರಗಾತಿ ಶೈನಿ ಚಾರಿಯಟ್‌ಳ ಪ್ರದರ್ಶನ ನೋಡಿದ್ದರು, ಅದರಿಂದಲೇ ಇಬ್ಬರೂ ಮಂತ್ರಶಕ್ತಿ ಕಳೆದುಕೊಂಡಿದ್ದರು. ಡಯಾನಾ ಹಟ ಹಿಡಿದು ಅಭ್ಯಾಸ ಮಾಡಿ ಅದನ್ನು ಮರಳಿ ಪಡೆದಳು. ಅವಳ ಶ್ರಮ ಸಣ್ಣದಲ್ಲ. ಆದರೆ ಅವಳು ಬೆಳೆದದ್ದು ತಲೆಮಾರುಗಳಿಂದ ಮಂತ್ರವಿದ್ಯೆ ಇದ್ದ ಮನೆಯಲ್ಲಿ. ಕಳೆದುಹೋದದ್ದು ಏನು ಅಂತ ಅವಳಿಗೆ ಗೊತ್ತಾಗುತ್ತಿತ್ತು. ಅಕ್ಕೊಗೆ ತಾನು ಏನನ್ನೋ ಕಳೆದುಕೊಂಡಿದ್ದೇನೆ ಅನ್ನೋದೇ ತಿಳಿದಿರಲಿಲ್ಲ. ಶಾಲೆಗೆ ಬಂದ ದಿನ ಒಬ್ಬಳು ಜಾಣೆ, ಇನ್ನೊಬ್ಬಳು ದಡ್ಡಿ. ಎಷ್ಟೋ ಮ್ಯಾಜಿಕ್ ಶಾಲೆಗಳ ಕಥೆಗಳು ಇದನ್ನು ಹುಟ್ಟಿನಿಂದ ಬಂದ ಪ್ರತಿಭೆ ಅನ್ನುತ್ತವೆ. ಈ ಸರಣಿ ಮಾತ್ರ ಒಂದೇ ನಷ್ಟ ಎರಡು ಮನೆಗಳಲ್ಲಿ ಏನೇನಾಯಿತು ಅಂತ ತೋರಿಸುತ್ತದೆ.

ಯಾವುದರಿಂದ ಶುರು ಮಾಡಲಿ ಅಂತ ಕೇಳಿದವರಿಗೆ ನಾನು ಇದನ್ನೇ ಹೇಳುತ್ತೇನೆ. 25 ಕಂತುಗಳಿವೆ. ಎರಡನೇ ಸಲ ನೋಡುವಾಗ ಡಯಾನಾಳ ಮೇಲೆ ಕಣ್ಣಿಡಿ.